ವಿಶ್ವ ಪೂಲ್ ಚಾಂಪಿಯನ್: ಆ ಹೆಸರಿಗೆ ತಕ್ಕ ಆಟಗಾರ ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪೂಲ್ ಪಾರ್ಲರ್‌ಗಳಲ್ಲಿ ಸಂಜೆ ಆಡಲು ಬರುವ ಹುಡುಗರು, ಸ್ನೂಕರ್ ಮಾತ್ರ ಕಂಡ ಹಿರಿಯರು, ಕೇರಂ ಬಿಟ್ಟರೆ ಬೇರೆ ಪಾಕೆಟ್ ಆಟ ಗೊತ್ತಿರದ ನೆಂಟರು ನನ್ನನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿರುವ ಪ್ರಶ್ನೆಗಳಿವು. ಎಲ್ಲದರ ಬೇರು ಒಂದೇ: ಒಂದು ವಾರ ಚೆನ್ನಾಗಿ ಆಡಿ ಕಪ್ ಎತ್ತಿದವನಿಗೂ ವಿಶ್ವ ಚಾಂಪಿಯನ್ ಎಂಬ ಹೆಸರಿಗೆ ನಿಜವಾಗಿ ತಕ್ಕವನಿಗೂ ಏನು ವ್ಯತ್ಯಾಸ? ವರ್ಷಗಟ್ಟಲೆ ಪಂದ್ಯಗಳನ್ನು ನೋಡಿ ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಪೂಲ್ ಎಂದರೆ ಸ್ನೂಕರ್ ತಾನೇ?

ಅಲ್ಲ. ಸ್ನೂಕರ್ ಮೇಜು 12 ಅಡಿ ಉದ್ದ, ವೃತ್ತಿಪರ ಪೂಲ್ ಮೇಜು 9 ಅಡಿ. ಪೂಲ್ ಚೆಂಡು ದೊಡ್ಡದು: ಅಡ್ಡಳತೆ ಎರಡೂಕಾಲು ಇಂಚು. ಸ್ನೂಕರ್ ಚೆಂಡು 52.5 ಮಿಲಿಮೀಟರ್. ಸ್ನೂಕರ್‌ನಲ್ಲಿ ಅಂಕ ಕೂಡಿಸುತ್ತಾ ಹೋಗಬೇಕು. ನೈನ್ ಬಾಲ್ ಪೂಲ್‌ನಲ್ಲಿ ಅಂಕವೇ ಇಲ್ಲ, ಒಂಬತ್ತನೆಯ ಚೆಂಡು ಯಾರ ಕೈಯಲ್ಲಿ ಪಾಕೆಟ್ ಸೇರಿತೋ ಆ ರ್ಯಾಕ್, ಅಂದರೆ ಆ ಒಂದು ಸುತ್ತಿನ ಆಟ, ಅವರದು.

ಪೂಲ್ ಪಾಕೆಟ್ ದೊಡ್ಡದು, ಹಾಗಾಗಿ ಆಟ ಸುಲಭ ಎಂದು ಸ್ನೂಕರ್ ಬಲ್ಲವರು ಹೇಳುವುದುಂಟು. ಪಾರ್ಲರ್ ಮೇಜಿನ ಮಟ್ಟಿಗೆ ಅದು ನಿಜವಿರಬಹುದು. ಆದರೆ ಇಂದಿನ ದೊಡ್ಡ ಪಂದ್ಯಗಳಲ್ಲಿ ಮೂಲೆ ಪಾಕೆಟ್‌ಗಳ ಬಾಯಿ ಕೇವಲ 4 ಇಂಚು. ಎರಡು ಚೆಂಡುಗಳನ್ನು ಪಕ್ಕಪಕ್ಕ ಇಟ್ಟರೆ ನಾಲ್ಕೂವರೆ ಇಂಚು ಬೇಕು. ಅಂದರೆ ಜೋಡಿ ಚೆಂಡು ಆ ಬಾಯಲ್ಲಿ ಹಿಡಿಸುವುದೇ ಇಲ್ಲ. ಅಂಥ ಮೇಜಿನ ಮೇಲೆ ಒಮ್ಮೆ ಆಡಿದವರು ಸುಲಭ ಎಂಬ ಮಾತನ್ನು ಮತ್ತೆ ಎತ್ತುವುದಿಲ್ಲ.

ಯಾವ ಪಂದ್ಯ ಗೆದ್ದರೆ ವಿಶ್ವ ಚಾಂಪಿಯನ್ ಎನ್ನುತ್ತಾರೆ?

ಇಲ್ಲಿ ಸ್ವಲ್ಪ ಗೊಂದಲವಿದೆ. ಪೂಲ್ ಒಂದೇ ಆಟವಲ್ಲ, ಒಂದು ಕುಟುಂಬ. ನೈನ್ ಬಾಲ್, ಎಯ್ಟ್ ಬಾಲ್, ಟೆನ್ ಬಾಲ್, ಸ್ಟ್ರೇಟ್ ಪೂಲ್, ಹೀಗೆ ಬೇರೆ ಬೇರೆ ಆಟಗಳಿಗೆ ಬೇರೆ ಬೇರೆ ವಿಶ್ವ ಪ್ರಶಸ್ತಿಗಳಿವೆ. ಕಳೆದ ಶತಮಾನದ ಮೊದಲರ್ಧದಲ್ಲಿ ಅಮೆರಿಕದಲ್ಲಿ ಸ್ಟ್ರೇಟ್ ಪೂಲ್ ರಾಜನಂತಿತ್ತು. ವಿಲ್ಲಿ ಮೊಸ್ಕೋನಿ 1941ರಿಂದ 1957ರ ನಡುವೆ ಅದರ ವಿಶ್ವ ಪಟ್ಟವನ್ನು 15 ಸಲ ಗೆದ್ದರು. ಇಂದು ಜನ ಸುಮ್ಮನೆ ‘ವಿಶ್ವ ಚಾಂಪಿಯನ್’ ಎಂದರೆ ಅವರ ಮನಸ್ಸಿನಲ್ಲಿರುವುದು 1990ರಲ್ಲಿ ಜರ್ಮನಿಯಲ್ಲಿ ಶುರುವಾದ ನೈನ್ ಬಾಲ್ ವಿಶ್ವ ಚಾಂಪಿಯನ್‌ಷಿಪ್. ಈ ಬರಹದಲ್ಲಿಯೂ ಅದನ್ನೇ ಮುಖ್ಯವಾಗಿ ಹಿಡಿದಿದ್ದೇನೆ.

1999ರಲ್ಲಿ ಎರಡು ಸಂಘಟನೆಗಳು ಎರಡು ಕಡೆ ವಿಶ್ವ ಕೂಟ ನಡೆಸಿದವು. ಸ್ಪೇನ್‌ನಲ್ಲಿ ಅಮೆರಿಕದ ನಿಕ್ ವಾರ್ನರ್ ಗೆದ್ದರು, ವೇಲ್ಸ್‌ನ ಕಾರ್ಡಿಫ್‌ನಲ್ಲಿ ಫಿಲಿಪ್ಪೀನ್ಸ್‌ನ ಎಫ್ರೆನ್ ರೆಯೆಸ್ ಗೆದ್ದರು. ಒಂದೇ ವರ್ಷ, ಇಬ್ಬರು ಚಾಂಪಿಯನ್ನರು. ಪಟ್ಟ ಮತ್ತು ಅರ್ಹತೆ ಎರಡೂ ಒಂದೇ ಅಲ್ಲ ಎಂಬುದು ನನಗೆ ಮೊದಲು ಹೊಳೆದದ್ದು ಈ ಪಟ್ಟಿಯನ್ನು ನೋಡಿದಾಗ.

ನೈನ್ ಬಾಲ್ ಆಡುವುದು ಹೇಗೆ?

ಮೇಜಿನ ಮೇಲೆ ಒಂದರಿಂದ ಒಂಬತ್ತರವರೆಗೆ ಅಂಕಿ ಬರೆದ ಚೆಂಡುಗಳು, ಜೊತೆಗೆ ಬಿಳಿ ಚೆಂಡು. ಬಿಳಿ ಚೆಂಡು ಪ್ರತಿ ಸಲವೂ ಮೇಜಿನ ಮೇಲಿರುವ ಅತಿ ಚಿಕ್ಕ ಅಂಕಿಯ ಚೆಂಡನ್ನೇ ಮೊದಲು ಮುಟ್ಟಬೇಕು. ಮುಟ್ಟದಿದ್ದರೆ ಫೌಲ್, ಎದುರಾಳಿ ಬಿಳಿ ಚೆಂಡನ್ನು ಕೈಯಲ್ಲಿ ಹಿಡಿದು ಮೇಜಿನ ಮೇಲೆ ಎಲ್ಲಿ ಬೇಕಾದರೂ ಇಟ್ಟುಕೊಂಡು ಆಡಬಹುದು. ವೃತ್ತಿಪರನ ಕೈಗೆ ಹಾಗೆ ಚೆಂಡು ಸಿಕ್ಕಿತೆಂದರೆ ಫೌಲ್ ಮಾಡಿದವನಿಗೆ ಬಹುತೇಕ ಆ ರ್ಯಾಕ್ ಕೈಬಿಟ್ಟಂತೆ. ಒಂದೇ ರ್ಯಾಕ್‌ನಲ್ಲಿ ಸತತ ಮೂರು ಫೌಲ್ ಮಾಡಿದರೂ ಸೋಲು. ಪಂದ್ಯ ಇಷ್ಟು ರ್ಯಾಕ್‌ಗಳ ಓಟ ಎಂದು ಮೊದಲೇ ಗೊತ್ತಾಗಿರುತ್ತದೆ; ಯಾರು ಮೊದಲು ಅಷ್ಟು ರ್ಯಾಕ್ ಗೆಲ್ಲುತ್ತಾರೋ ಪಂದ್ಯ ಅವರದು.

ಗುರಿ ತಪ್ಪದೆ ಚೆಂಡು ಹಾಕುವವನೇ ಗೆಲ್ಲುತ್ತಾನೆ ಅಲ್ಲವೇ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಆದರೆ ವಿಶ್ವ ಕೂಟಕ್ಕೆ ಬರುವ ನೂರಕ್ಕೂ ಹೆಚ್ಚು ಮಂದಿಯಲ್ಲಿ ಚೆಂಡು ಹಾಕಲು ಬಾರದವರು ಒಬ್ಬರೂ ಇಲ್ಲ. ಅಲ್ಲಿ ಅದು ಬಾಗಿಲೊಳಗೆ ಬರಲು ಬೇಕಾದ ಚೀಟಿ ಮಾತ್ರ.

ಕೇರಂ ಆಡಿದವರಿಗೆ ಇದನ್ನು ಹೀಗೆ ಹೇಳಬಹುದು. ಕೇರಂನಲ್ಲಿ ಪ್ರತಿ ಹೊಡೆತಕ್ಕೂ ಸ್ಟ್ರೈಕರನ್ನು ನಿಮ್ಮ ಗೆರೆಯ ಮೇಲೆ ಬೇಕಾದ ಕಡೆ ಇಟ್ಟುಕೊಳ್ಳುತ್ತೀರಿ. ಪೂಲ್‌ನಲ್ಲಿ ಆ ಭಾಗ್ಯವಿಲ್ಲ. ಬಿಳಿ ಚೆಂಡು ಎಲ್ಲಿ ನಿಂತಿತೋ ಅಲ್ಲಿಂದಲೇ ಮುಂದಿನ ಹೊಡೆತ. ಸ್ಟ್ರೈಕರ್ ನಿಂತ ಜಾಗದಿಂದಲೇ ಮುಂದಿನ ಕಾಯಿಯನ್ನು ಹೊಡೆಯಬೇಕು, ಅದೂ ಕ್ರಮಾಂಕದಂತೆ ಎಂದು ಊಹಿಸಿಕೊಳ್ಳಿ. ಆಗ ಈಗಿನ ಕಾಯಿಯನ್ನು ಹಾಕುವುದಕ್ಕಿಂತ ಸ್ಟ್ರೈಕರನ್ನು ಎಲ್ಲಿ ನಿಲ್ಲಿಸುವುದು ಎಂಬುದೇ ದೊಡ್ಡ ಚಿಂತೆಯಾಗುತ್ತದೆ.

ಆದ್ದರಿಂದ ಒಳ್ಳೆಯ ಆಟಗಾರ ಎರಡನೆಯ ಚೆಂಡನ್ನು ಹೊಡೆಯುವಾಗ ಮೂರನೆಯದರ ಜಾಗವನ್ನೂ, ಅಲ್ಲಿಂದ ನಾಲ್ಕನೆಯದಕ್ಕೆ ಹೋಗುವ ದಾರಿಯನ್ನೂ ಲೆಕ್ಕ ಹಾಕಿರುತ್ತಾನೆ. ನೇರವಾಗಿ ಎದುರಿಗೆ ಸಿಕ್ಕ ಚೆಂಡು ಹೊಸಬನಿಗೆ ವರ, ಬಲ್ಲವನಿಗೆ ಎಷ್ಟೋ ಸಲ ತಲೆನೋವು. ಏಕೆಂದರೆ ಕೋನವಿಲ್ಲದೆ ಬಿಳಿ ಚೆಂಡನ್ನು ಅಡ್ಡಕ್ಕೆ ಸಾಗಿಸುವುದು ಕಷ್ಟ. ಅವನಿಗೆ ಬೇಕಾದದ್ದು ಸಣ್ಣ ಓರೆ, ಅದೂ ಸರಿಯಾದ ಬದಿಯಲ್ಲಿ. ಬದಿ ತಪ್ಪಿತೆಂದರೆ ಬಿಳಿ ಚೆಂಡು ಮೇಜಿನ ಉದ್ದಕ್ಕೂ ಮೂರು ಕುಶನ್ (ಮೇಜಿನ ಅಂಚಿನ ರಬ್ಬರ್ ಪಟ್ಟಿ) ಸುತ್ತಿ ಬರಬೇಕು. ಚಾಂಪಿಯನ್ನರ ರ್ಯಾಕ್ ಮಂಕಾಗಿ, ಸಲೀಸಾಗಿ ಕಾಣುವುದು ಇದಕ್ಕೇ. ಕಷ್ಟದ ಹೊಡೆತ ಬರದಂತೆ ಅವರು ಮೊದಲೇ ನೋಡಿಕೊಂಡಿರುತ್ತಾರೆ. ಚಪ್ಪಾಳೆ ಗಿಟ್ಟಿಸುವ ಹೊಡೆತಗಳನ್ನು ಪದೇ ಪದೇ ಆಡಬೇಕಾಗಿ ಬಂದವನು ಎಲ್ಲೋ ಹಿಂದೆಯೇ ಎಡವಿದ್ದಾನೆ ಎಂದು ತಿಳಿಯಿರಿ.

ಬ್ರೇಕ್ ಎಂದರೆ ಕಣ್ಣು ಮುಚ್ಚಿ ಜೋರಾಗಿ ಹೊಡೆಯುವುದೇ?

ಜೋಡಿಸಿಟ್ಟ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತವೇ ಬ್ರೇಕ್. ಮೇಲುನೋಟಕ್ಕೆ ಹಾಗೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಬ್ರೇಕ್ ಒಂದು ಪ್ರತ್ಯೇಕ ವಿದ್ಯೆ. ಆಟಗಾರರು ಅದಕ್ಕಾಗಿ ಬೇರೆಯೇ ಕ್ಯೂ (ಹೊಡೆಯುವ ಕೋಲು) ಇಟ್ಟುಕೊಳ್ಳುತ್ತಾರೆ, ಅಭ್ಯಾಸದ ಅರ್ಧ ದಿನವನ್ನು ಅದಕ್ಕೇ ಸುರಿಯುತ್ತಾರೆ. ಒಂದು ಚೆಂಡು ಪಾಕೆಟ್ ಸೇರಬೇಕು, ಬಿಳಿ ಚೆಂಡು ಮೇಜಿನ ನಡುವೆ ನಿಲ್ಲಬೇಕು, ಒಂದನೆಯ ಚೆಂಡು ಕಣ್ಣಿಗೆ ಕಾಣಬೇಕು. ಮೂರೂ ಒಟ್ಟಿಗೆ ಆಗಬೇಕು.

2001ರ ಅಮೆರಿಕದ ಯುಎಸ್ ಓಪನ್‌ನಲ್ಲಿ ಕೋರಿ ಡ್ಯೂಲ್ ಎಂಬ ಆಟಗಾರ ಎಲ್ಲರಂತೆ ಗುದ್ದದೆ ಮೆಲ್ಲಗೆ ಬ್ರೇಕ್ ಮಾಡಿದರು. ಜೋಡಿಸಿಟ್ಟ ಚೆಂಡುಗಳ ಗುಂಪು (ಅದಕ್ಕೂ ರ್ಯಾಕ್ ಎಂದೇ ಹೆಸರು) ಬಿಗಿಯಾಗಿ ಕೂತಿದ್ದರೆ ನಿಧಾನದ ಹೊಡೆತದಲ್ಲಿಯೂ ಚೆಂಡು ತಪ್ಪದೆ ಪಾಕೆಟ್‌ಗೆ ಹೋಗುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದರು. ಫೈನಲ್‌ನಲ್ಲಿ ಆ ವರ್ಷದ ವಿಶ್ವ ಚಾಂಪಿಯನ್ ಮಿಕಾ ಇಮೋನೆನ್ ಅವರನ್ನು 11-0ಯಿಂದ ಸೋಲಿಸಿದರು. ನಂತರ ಸಂಘಟಕರು ಬ್ರೇಕ್‌ನ ಸುತ್ತ ಒಂದೊಂದೇ ನಿಯಮ ಹೆಣೆಯುತ್ತಾ ಬಂದರು. ಒಂಬತ್ತನೆಯ ಚೆಂಡನ್ನು ಚುಕ್ಕೆಯ ಮೇಲಿಡುವ ಪದ್ಧತಿ, ಬಿಳಿ ಚೆಂಡನ್ನು ಚಿಕ್ಕ ಚೌಕದೊಳಗಿನಿಂದಲೇ ಹೊಡೆಯಬೇಕೆಂಬ ನಿಯಮ ಬಂದದ್ದು ಬ್ರೇಕ್ ತೀರಾ ಸುಲಭವಾಗಬಾರದೆಂದೇ. ನಿಯಮ ಬದಲಾದ ವರ್ಷವೂ ಬ್ರೇಕ್ ಕೈಬಿಡದಂತೆ ನೋಡಿಕೊಳ್ಳುವವನನ್ನು ನಾನು ಹೆಚ್ಚು ಗೌರವಿಸುತ್ತೇನೆ. ಒಂದೇ ಬಗೆಯ ರ್ಯಾಕ್‌ಗೆ ಒಗ್ಗಿಕೊಂಡು ಗೆದ್ದವರು ನಿಯಮದ ಜೊತೆಗೇ ಮರೆಯಾಗಿಬಿಡುತ್ತಾರೆ.

ನೈನ್ ಬಾಲ್ ಅದೃಷ್ಟದ ಆಟವೆಂದು ಹೇಳುತ್ತಾರಲ್ಲ?

ಅದೃಷ್ಟ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಯಾವ ಪಾಕೆಟ್ ಎಂದು ಮುಂಚಿತವಾಗಿ ಹೇಳಬೇಕಾಗಿಲ್ಲ, ಆದ್ದರಿಂದ ಗುರಿ ತಪ್ಪಿದ ಚೆಂಡು ಇನ್ನೊಂದು ಮೂಲೆಗೆ ಬಿದ್ದರೂ ಲೆಕ್ಕಕ್ಕೆ ಬರುತ್ತದೆ. ಟೆನ್ ಬಾಲ್‌ನಲ್ಲಿ ಆ ರಿಯಾಯಿತಿ ಇಲ್ಲ, ಪಾಕೆಟ್ ಹೇಳಿಯೇ ಆಡಬೇಕು.

ಆದರೆ ಉದ್ದನೆಯ ಓಟದಲ್ಲಿ ಅದೃಷ್ಟ ಕರಗುತ್ತದೆ. 1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಫ್ರೆನ್ ರೆಯೆಸ್ ಮತ್ತು ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಮೂರು ದಿನ ಎದುರುಬದುರು ಆಡಿದರು. ಯಾರು ಮೊದಲು 120 ರ್ಯಾಕ್ ಗೆಲ್ಲುತ್ತಾರೋ ಅವರಿಗೆ ಒಂದು ಲಕ್ಷ ಡಾಲರ್, ಸೋತವರಿಗೆ ಏನೂ ಇಲ್ಲ. ರೆಯೆಸ್ ಒಂದು ಹಂತದಲ್ಲಿ 17 ರ್ಯಾಕ್ ಹಿಂದೆ ಬಿದ್ದಿದ್ದರು. ಕೊನೆಗೆ 120-117ರಿಂದ ಗೆದ್ದರು. 237 ರ್ಯಾಕ್‌ಗಳ ಬಳಿಕವೂ ಇಬ್ಬರ ನಡುವೆ ಉಳಿದದ್ದು ಬರೀ ಮೂರು! ಅದೃಷ್ಟದ ಆಟವಾಗಿದ್ದರೆ ಅದೇ ಹತ್ತು ಹದಿನೈದು ಹೆಸರುಗಳು ಮೂವತ್ತು ವರ್ಷ ಸುತ್ತಿ ಸುತ್ತಿ ಬರುತ್ತಿರಲಿಲ್ಲ.

ಚೆಂಡು ಕಾಣದಂತೆ ಅಡಗಿಸಿ ಆಡುವುದು ಹೇಡಿತನವಲ್ಲವೇ?

ಪಾರ್ಲರ್‌ನಲ್ಲಿ ಇದನ್ನು ನೋಡಿ ಮುಖ ಸಿಂಡರಿಸುವವರಿದ್ದಾರೆ. ವೃತ್ತಿಪರರಲ್ಲಿ ಇದು ಅರ್ಧ ಆಟ. ಹಾಕಲು ಸಾಧ್ಯವಿಲ್ಲದ ಚೆಂಡಿಗೆ ಕೈ ಹಾಕಿ ಮೇಜನ್ನು ಎದುರಾಳಿಗೆ ಒಪ್ಪಿಸುವುದು ಧೈರ್ಯವಲ್ಲ, ದುಡುಕು. ಬಿಳಿ ಚೆಂಡನ್ನು ಬೇರೊಂದರ ಹಿಂದೆ ಬಚ್ಚಿಟ್ಟು ಎದುರಾಳಿಯಿಂದ ಫೌಲ್ ಪಡೆಯುವುದು ಸೇಫ್ಟಿ. ಅದರಿಂದ ತಪ್ಪಿಸಿಕೊಳ್ಳಲು ಕುಶನ್‌ಗೆ ಹೊಡೆದು ತಿರುಗಿಸಿ ಮುಟ್ಟುವುದು ಕಿಕ್.

ಕಿಕ್‌ನ ಮಾತು ಬಂದಾಗ ರೆಯೆಸ್ ಹೆಸರು ಬಾರದೆ ಇರುವುದಿಲ್ಲ. ಅವರು ಬರುವ ಮುಂಚೆ ಬಹಳಷ್ಟು ಜನರಿಗೆ ಕಿಕ್ ಎಂದರೆ ಹೇಗಾದರೂ ಚೆಂಡನ್ನು ತಗುಲಿಸಿ ಫೌಲ್ ತಪ್ಪಿಸಿಕೊಳ್ಳುವುದಾಗಿತ್ತು. ಅವರು ಯಾವ ಚೆಂಡಿನ ಯಾವ ಅಂಚಿಗೆ ತಗುಲಬೇಕು, ತಗುಲಿದ ಮೇಲೆ ಎರಡೂ ಎಲ್ಲಿ ನಿಲ್ಲಬೇಕು ಎಂಬುದನ್ನೂ ಗೊತ್ತುಮಾಡಿ ಹೊಡೆಯುತ್ತಿದ್ದರು. 1995ರಲ್ಲಿ ಅಮೆರಿಕದ ರೀನೋದಲ್ಲಿ ಸ್ಟ್ರಿಕ್‌ಲ್ಯಾಂಡ್ ಚೆಂಡನ್ನು ಮರೆಮಾಡಿ ಇಟ್ಟಾಗ ರೆಯೆಸ್ ಎರಡು ಕುಶನ್ ಸುತ್ತಿಸಿ ಹೊಡೆದು, ಚೆಂಡನ್ನು ಪಾಕೆಟ್‌ಗೂ ಹಾಕಿ, ಮುಂದಿನದಕ್ಕೆ ಜಾಗವನ್ನೂ ಮಾಡಿಕೊಂಡರು. ಇಂಗ್ಲಿಷ್ ಝಡ್ ಅಕ್ಷರದಂಥ ಆ ದಾರಿಯನ್ನು ಆಟಗಾರರು ಇಂದಿಗೂ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಾರೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಕೊನೆಗೆ ಬೇರ್ಪಡಿಸುವ ಗುಣ ಯಾವುದು?

ನನ್ನ ಮಟ್ಟಿಗೆ ಉತ್ತರ ಮೇಜಿನ ಮೇಲಿಲ್ಲ, ಕುರ್ಚಿಯಲ್ಲಿದೆ.

ಟೆನಿಸ್‌ನಲ್ಲಿ, ಕಬಡ್ಡಿಯಲ್ಲಿ, ಕುಸ್ತಿಯಲ್ಲಿ ಎದುರಾಳಿ ಚೆನ್ನಾಗಿ ಆಡುತ್ತಿರುವಾಗಲೂ ನಿಮಗೆ ಏನಾದರೂ ಮಾಡುವ ಅವಕಾಶವಿದೆ. ಪೂಲ್‌ನಲ್ಲಿ ಎದುರಾಳಿ ಮೇಜಿನ ಬಳಿ ಇದ್ದಷ್ಟು ಹೊತ್ತು ನೀವು ಕುರ್ಚಿಯಲ್ಲಿ ಕೂತು ನೋಡಬೇಕು, ಅಷ್ಟೆ. ಅವನು ಒಂದು ರ್ಯಾಕ್ ಮುಗಿಸುತ್ತಾನೆ, ಎರಡು, ಮೂರು. ಗೆದ್ದವನೇ ಬ್ರೇಕ್ ಮಾಡುವ ಪದ್ಧತಿಯಿದ್ದರೆ ಇನ್ನೂ ಕಷ್ಟ. 1996ರಲ್ಲಿ ಡಲ್ಲಾಸ್‌ನಲ್ಲಿ ಸ್ಟ್ರಿಕ್‌ಲ್ಯಾಂಡ್ ಸತತ 11 ರ್ಯಾಕ್‌ಗಳನ್ನು ಒಂದೂ ಸರದಿ ಬಿಡದೆ ಮುಗಿಸಿದರು. ಎದುರಿಗೆ ಕೂತವನಿಗೆ ಅಷ್ಟು ಹೊತ್ತೂ ಎದ್ದು ನಿಲ್ಲುವ ಕೆಲಸವೇ ಇರಲಿಲ್ಲ.

ಅಷ್ಟರಲ್ಲಿ ಕೈ ತಣ್ಣಗಾಗುತ್ತದೆ. ಭುಜ ಬಿಗಿಯುತ್ತದೆ. ಹಿಂದಿನ ರ್ಯಾಕ್‌ನಲ್ಲಿ ತಪ್ಪಿಸಿದ ಆರನೆಯ ಚೆಂಡು ಕಣ್ಣ ಮುಂದೆ ಸುಳಿಯುತ್ತಿರುತ್ತದೆ. ಕೊನೆಗೂ ಎದುರಾಳಿ ಎಡವಿ ಸರದಿ ಬಂದಾಗ ಸಿಗುವುದು ಸುಲಭದ ಹೊಡೆತವಲ್ಲ. ಕುಶನ್‌ಗೆ ಅಂಟಿಕೊಂಡ ಚೆಂಡು, ದೂರದ ಪಾಕೆಟ್, ಯೋಚಿಸಲು 30 ಸೆಕೆಂಡು. ಆ ಒಂದು ಹೊಡೆತವನ್ನು ಬೆಳಗಿನಿಂದ ಅಭ್ಯಾಸ ಮಾಡುತ್ತಿದ್ದವನ ಹಾಗೆ ಆಡಬಲ್ಲವನು ಯಾರು? ಕೂತು ಎದ್ದ ಮೇಲೂ ಅದೇ ಕೈ, ಅದೇ ಉಸಿರು, ಹೊಡೆಯುವ ಮುಂಚಿನ ಅದೇ ನಾಲ್ಕು ತೂಗಾಟ. ಇದು ಇದ್ದವನನ್ನು ನಾನು ಪಟ್ಟಕ್ಕೆ ತಕ್ಕವನೆನ್ನುತ್ತೇನೆ. ಇದಿಲ್ಲದೆ ಗೆದ್ದವರೂ ಇದ್ದಾರೆ. ಅವರಿಗೆ ಎದುರಾಳಿಗಳು ಹೆಚ್ಚು ಹೊತ್ತು ಕೂರಿಸದ ಒಂದು ವಾರ ಸಿಕ್ಕಿರುತ್ತದೆ.

ಅಂಥ ಒಬ್ಬ ಆಟಗಾರನ ಉದಾಹರಣೆ ಕೊಡಬಹುದೇ?

ಫ್ರಾನ್ಸಿಸ್ಕೊ ಬುಸ್ತಮಾಂತೆ. ಫಿಲಿಪ್ಪೀನ್ಸ್‌ನವರು, ರೆಯೆಸ್ ಅವರ ಗೆಳೆಯರು. ಅವರು ಕ್ಯೂ ಆಡಿಸುವ ರೀತಿ ನೋಡಿದರೆ ಯಾವ ಗುರುವೂ ಒಪ್ಪಲಾರ. ಹೊಡೆಯುವ ಮುಂಚೆ ಕ್ಯೂ ತುದಿಯನ್ನು ಬಿಳಿ ಚೆಂಡಿನ ಬುಡಕ್ಕೆ, ಬಟ್ಟೆಗೆ ತಾಗುವಷ್ಟು ಕೆಳಕ್ಕೆ ಹಿಡಿದು ತೂಗುತ್ತಾರೆ. ಕೊನೆಯ ಗಳಿಗೆಯಲ್ಲಿ ಅದು ಬೇಕಾದ ಕಡೆಗೆ ಏರಿ ಬರುತ್ತದೆ. ಬ್ರೇಕ್ ಅಂತೂ ಸಿಡಿಲು.

2002ರಲ್ಲಿ ಕಾರ್ಡಿಫ್‌ನಲ್ಲಿ ವಿಶ್ವ ಕೂಟ ನಡೆಯುತ್ತಿದ್ದಾಗ ಊರಿನಿಂದ ಅವರಿಗೆ ಸುದ್ದಿ ಬಂತು. ಹಸುಗೂಸು ಮಗಳು ತೀರಿಕೊಂಡಿದ್ದಳು. ಅವರು ಆಟ ಮುಂದುವರಿಸಿದರು. ಫೈನಲ್ ತಲುಪಿದರು. ಎದುರಿಗೆ ಸ್ಟ್ರಿಕ್‌ಲ್ಯಾಂಡ್. 17-15ರಿಂದ ಸೋತರು. ಎರಡು ರ್ಯಾಕ್.

ಆ ಸ್ಥಿತಿಯಲ್ಲಿ ಒಬ್ಬ ತಂದೆ ಆಡಬೇಕಿತ್ತೇ ಎಂದು ಕೇಳುವವರಿದ್ದಾರೆ. ಆ ತೀರ್ಮಾನ ಅವರ ಮನೆಯದು, ನಮ್ಮದಲ್ಲ. ನಾನು ಹೇಳಬಯಸುವುದು ಆಮೇಲಿನ ಎಂಟು ವರ್ಷಗಳ ಬಗ್ಗೆ. ಬುಸ್ತಮಾಂತೆ ಪ್ರತಿ ವರ್ಷ ಬಂದರು, ಆಡಿದರು, ಸೋತರು. ವಿಶ್ವ ಪಟ್ಟ ಒಲಿಯದ ದೊಡ್ಡ ಆಟಗಾರ ಎಂಬ ಹಣೆಪಟ್ಟಿ ಅಂಟಿಕೊಂಡಿತು. 2008, 2009ರಲ್ಲಿ ಕೂಟವೇ ನಡೆಯಲಿಲ್ಲ. ವಯಸ್ಸು ನಲವತ್ತು ದಾಟಿ ಮುಂದೆ ಹೋಯಿತು. 2010ರಲ್ಲಿ ದೋಹಾದಲ್ಲಿ ಮತ್ತೆ ಫೈನಲ್ ತಲುಪಿ, ತೈವಾನ್‌ನ ಕೂ ಪೋ-ಚೆಂಗ್ ಅವರನ್ನು 13-7ರಿಂದ ಸೋಲಿಸಿದರು. ಆಗ ಅವರಿಗೆ 46 ವರ್ಷ.

2010ರ ಕಪ್ ಬಾರದೆ ಹೋಗಿದ್ದರೂ ಬುಸ್ತಮಾಂತೆ ವಿಶ್ವ ಚಾಂಪಿಯನ್ ಹೆಸರಿಗೆ ತಕ್ಕವರೇ ಆಗಿರುತ್ತಿದ್ದರು. ಎಂಟು ವರ್ಷ ಕುರ್ಚಿಯಲ್ಲಿ ಕೂತು, ಎದ್ದು ಬಂದಾಗ ಅದೇ ಕೈ ಇದ್ದವರು ಅವರು.

ಪಟ್ಟಕ್ಕೆ ವಯಸ್ಸಿನ ಮಿತಿ ಇದೆಯೇ?

ಇಲ್ಲವೆಂದೇ ಪಟ್ಟಿ ಹೇಳುತ್ತದೆ. 2005ರಲ್ಲಿ ತೈವಾನ್‌ನ ವೂ ಚಿಯಾ-ಚಿಂಗ್ 16ನೆಯ ವಯಸ್ಸಿನಲ್ಲಿ ನೈನ್ ಬಾಲ್ ವಿಶ್ವ ಚಾಂಪಿಯನ್ ಆದರು, ಫೈನಲ್ 17-16. ಅದೇ ವರ್ಷ ಎಯ್ಟ್ ಬಾಲ್ ಪಟ್ಟವನ್ನೂ ಗೆದ್ದರು. ಆ ನೈನ್ ಬಾಲ್ ಫೈನಲ್‌ನಲ್ಲಿ ಸೋತವರು ಇದೇ ಕೂ ಪೋ-ಚೆಂಗ್. ಐದು ವರ್ಷದ ಬಳಿಕ ಬುಸ್ತಮಾಂತೆ ಎದುರು ಇನ್ನೊಂದು ಫೈನಲ್ ಸೋತ ಆ ಮನುಷ್ಯನನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ತುದಿಯಲ್ಲಿ ಅಮೆರಿಕದ ಷೇನ್ ವ್ಯಾನ್ ಬೋನಿಂಗ್. ಹುಟ್ಟಿನಿಂದ ಕಿವಿ ಮಂದ, ಶ್ರವಣ ಸಾಧನ ಹಾಕಿಕೊಂಡು ಆಡುವವರು. ಯುಎಸ್ ಓಪನ್ ಐದು ಸಲ ಗೆದ್ದಿದ್ದರೂ ವಿಶ್ವ ಪಟ್ಟ ಕೈಗೆ ಸಿಕ್ಕದ್ದು 2022ರಲ್ಲಿ, 38ರ ವಯಸ್ಸಿನಲ್ಲಿ, ಇಂಗ್ಲೆಂಡ್‌ನ ಮಿಲ್ಟನ್ ಕೀನ್ಸ್‌ನಲ್ಲಿ. ಹಿಂದಿನ ವರ್ಷದ ಚಾಂಪಿಯನ್ ಆಲ್ಬಿನ್ ಊಷಾನ್ ಅವರನ್ನು 13-6ರಿಂದ ಸೋಲಿಸಿದರು.

ಒಂದೇ ಸಲ ಗೆದ್ದವರು ಕಡಿಮೆಯೇ?

ಕಡಿಮೆ ಎನ್ನಲಾರೆ, ಆದರೆ ಎರಡನೆಯ ಗೆಲುವು ಬಹಳಷ್ಟನ್ನು ಹೇಳುತ್ತದೆ. ಪುರುಷರ ನೈನ್ ಬಾಲ್ ಪಟ್ಟವನ್ನು ಸ್ಟ್ರಿಕ್‌ಲ್ಯಾಂಡ್ ಮೂರು ಸಲ ಗೆದ್ದಿದ್ದಾರೆ: 1990, 1991, 2002. ನಾಲ್ಕು ಸಲ ಗೆದ್ದವರು ಯಾರೂ ಇಲ್ಲ. ಎರಡು ಸಲದವರಲ್ಲಿ ಜರ್ಮನಿಯ ಥೋರ್ಸ್ಟೆನ್ ಹೋಮನ್ ನನಗೆ ವಿಶೇಷವಾಗಿ ಕಾಣುತ್ತಾರೆ. 2003ರಲ್ಲಿ ಒಮ್ಮೆ, ಸರಿಯಾಗಿ ಹತ್ತು ವರ್ಷ ಬಿಟ್ಟು 2013ರಲ್ಲಿ ಇನ್ನೊಮ್ಮೆ. ಆ ಹತ್ತು ವರ್ಷಗಳಲ್ಲಿ ಪಾಕೆಟ್ ಬದಲಾಯಿತು, ರ್ಯಾಕ್ ಇಡುವ ರೀತಿ ಬದಲಾಯಿತು, ಎದುರಾಳಿಗಳ ಒಂದು ಪೀಳಿಗೆಯೇ ಬದಲಾಯಿತು.

ಈಚಿನ ಕಥೆ ಫೆಡೋರ್ ಗೋರ್ಸ್ಟ್ ಅವರದು. ಮಾಸ್ಕೋದಲ್ಲಿ ಹುಟ್ಟಿ ಈಗ ಅಮೆರಿಕದ ಪರ ಆಡುತ್ತಾರೆ. 2019ರಲ್ಲಿ 19ರ ಹರೆಯದಲ್ಲಿ ಗೆದ್ದರು. 2024ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಅಲ್ಬೇನಿಯಾದ ಎಕ್ಲೆಂಟ್ ಕಾಚಿ ಎದುರು 15-14ರಿಂದ, ಕೊನೆಯ ರ್ಯಾಕ್‌ನಲ್ಲಿ ಗೆದ್ದರು. 2025ರಲ್ಲಿ ಮತ್ತೆ ಅದೇ ಊರು, ಮತ್ತೆ ಫೈನಲ್. ಈ ಸಲ ಫಿಲಿಪ್ಪೀನ್ಸ್‌ನ ಕಾರ್ಲೊ ಬಿಯಾಡೊ 15-13ರಿಂದ ಗೆದ್ದು, 2017ರ ತಮ್ಮ ಪಟ್ಟದ ಪಕ್ಕದಲ್ಲಿ ಇನ್ನೊಂದನ್ನು ಇಟ್ಟುಕೊಂಡರು.

ನಡತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ?

ಕೋಪವನ್ನು ನಾನು ಕ್ಷಮಿಸಬಲ್ಲೆ, ಮೋಸವನ್ನಲ್ಲ. ಸ್ಟ್ರಿಕ್‌ಲ್ಯಾಂಡ್ ಪ್ರೇಕ್ಷಕರ ಮೇಲೆ, ರೆಫರಿಗಳ ಮೇಲೆ, ಎಷ್ಟೋ ಸಲ ತಮ್ಮ ಮೇಲೆಯೇ ಸಿಡಿದೆದ್ದವರು. ಅದರಿಂದ ಅವರ ಆಟಕ್ಕೇ ಪೆಟ್ಟು ಬಿದ್ದಿದೆ. ರೆಯೆಸ್ ಅದಕ್ಕೆ ತದ್ವಿರುದ್ಧ: ಚೆಂಡು ತಪ್ಪಿದರೆ ತಲೆ ಕೆರೆದುಕೊಂಡು ನಕ್ಕು ಹೋಗಿ ಕೂರುವವರು. ಇಬ್ಬರೂ ಮಹಾನ್ ಆಟಗಾರರೇ. ಆದರೆ ಮಗುವನ್ನು ಈ ಆಟಕ್ಕೆ ಕಳುಹಿಸುವ ತಾಯಿ ತಂದೆಗೆ ನಾನು ತೋರಿಸುವುದು ರೆಯೆಸ್ ಅವರನ್ನು.

ಮೋಸದ ಮಾತು ಬೇರೆ. ಸ್ನೂಕರ್‌ನಿಂದ ಒಂದು ಉದಾಹರಣೆ. 2014ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ವಿಶ್ವ ಹವ್ಯಾಸಿ ಸ್ನೂಕರ್ ಕೂಟ ನಡೆದಾಗ ಚೀನಾದ ಯಾನ್ ಬಿಂಗ್‌ಟಾವ್ 14ನೆಯ ವಯಸ್ಸಿಗೆ ಚಾಂಪಿಯನ್ ಆದ. 2023ರಲ್ಲಿ ಪಂದ್ಯಗಳ ಫಲಿತಾಂಶವನ್ನು ಮೊದಲೇ ಗೊತ್ತುಮಾಡಿದ ತಪ್ಪಿಗೆ ಅವನಿಗೆ ಐದು ವರ್ಷದ ನಿಷೇಧ ಬಿತ್ತು. ಪೂಲ್‌ನಲ್ಲಿ ಎಷ್ಟೋ ಮೇಜುಗಳಿಗೆ ಪ್ರತ್ಯೇಕ ರೆಫರಿ ಇರುವುದಿಲ್ಲ. ತೋಳು ಚೆಂಡಿಗೆ ತಾಗಿದ್ದು ಆಡುವವನಿಗೆ ಮಾತ್ರ ಗೊತ್ತಿರುತ್ತದೆ, ಫೌಲ್ ಎಂದು ಅವನೇ ಹೇಳಬೇಕು. ಹೇಳದವನ ಕಪ್ ನನ್ನ ಕಣ್ಣಿಗೆ ತಗಡು.

ಮಹಿಳೆಯರ ಪೂಲ್‌ನಲ್ಲಿ ಯಾರನ್ನು ನೋಡಬೇಕು?

ಮೊದಲಿಗೆ ಆಲಿಸನ್ ಫಿಶರ್. ಇಂಗ್ಲೆಂಡ್‌ನಲ್ಲಿ ಸ್ನೂಕರ್‌ನ ವಿಶ್ವ ಪಟ್ಟಗಳನ್ನು ಗೆದ್ದು, 1995ರಲ್ಲಿ ಅಮೆರಿಕಕ್ಕೆ ಬಂದು ಪೂಲ್ ಹಿಡಿದು, ಮರುವರ್ಷದಿಂದಲೇ 1996, 1997, 1998ರಲ್ಲಿ ನೈನ್ ಬಾಲ್ ವಿಶ್ವ ಚಾಂಪಿಯನ್ ಆದರು. 2001ರಲ್ಲಿ ನಾಲ್ಕನೆಯ ಸಲ. ದೊಡ್ಡ ಮೇಜಿನಲ್ಲಿ ಕಲಿತ ನೇರ ಹೊಡೆತವನ್ನು ಚಿಕ್ಕ ಮೇಜಿಗೆ ತಂದು, ಉಳಿದ ವಿದ್ಯೆಯನ್ನು ಮೂವತ್ತರ ಹೊಸ್ತಿಲಲ್ಲಿ ಹೊಸದಾಗಿ ಕಲಿತವರು. ಇನ್ನೊಬ್ಬರು ಫಿಲಿಪ್ಪೀನ್ಸ್‌ನ ರುಬಿಲೆನ್ ಅಮಿತ್. 2009 ಮತ್ತು 2013ರಲ್ಲಿ ಟೆನ್ ಬಾಲ್ ಪಟ್ಟ ಗೆದ್ದಿದ್ದ ಅವರಿಗೆ ನೈನ್ ಬಾಲ್ ಒಲಿದದ್ದು 2024ರಲ್ಲಿ, ನ್ಯೂಜಿಲೆಂಡ್‌ನಲ್ಲಿ. ಬುಸ್ತಮಾಂತೆ ಬಗ್ಗೆ ಬರೆದ ಎಲ್ಲ ಮಾತೂ ಅವರಿಗೂ ಸಲ್ಲುತ್ತದೆ.

ದೊಡ್ಡ ಹಣ ಗೆದ್ದವನೇ ದೊಡ್ಡ ಆಟಗಾರನೇ?

ಈ ಆಟದಲ್ಲಿ ಹಣವನ್ನು ಅಳತೆಗೋಲಾಗಿ ಹಿಡಿಯಬೇಡಿ. 2006ರಲ್ಲಿ ರೆಯೆಸ್ ರೀನೋದಲ್ಲಿ ಒಂದು ಕೂಟ ಗೆದ್ದಾಗ ಘೋಷಿತ ಬಹುಮಾನ ಐದು ಲಕ್ಷ ಡಾಲರ್. ಆಡಿಸಿದ ಸಂಸ್ಥೆ ದಿವಾಳಿಯಾಯಿತು, ಪೂರ್ತಿ ಹಣ ಕೈಗೆ ಬರಲೇ ಇಲ್ಲ. 2024ರ ವಿಶ್ವ ಕೂಟದಲ್ಲಿ ಗೆದ್ದವರಿಗೆ ಎರಡೂವರೆ ಲಕ್ಷ ಡಾಲರ್ ಸಿಕ್ಕಿತು. ಒಳ್ಳೆಯದೇ ಆಯಿತು, ಆದರೆ ಅದಕ್ಕಿಂತ ಹಿಂದಿನವರು ಅರ್ಧ ಬದುಕನ್ನು ಬಾಜಿ ಕಟ್ಟಿ ಆಡುತ್ತಲೇ ಕಳೆದರು. 1985ರಲ್ಲಿ ರೆಯೆಸ್ ಅಮೆರಿಕಕ್ಕೆ ಹೋದಾಗ ತಮ್ಮ ಹೆಸರು ಕೇಳಿ ಯಾರೂ ಆಡಲು ಮುಂದೆ ಬಾರದೆ ಹೋದಾರೆಂದು ಸೀಸರ್ ಮೊರಾಲೆಸ್ ಎಂಬ ಹೆಸರಿಟ್ಟುಕೊಂಡಿದ್ದರು.

ಭಾರತದಿಂದ ಪೂಲ್ ವಿಶ್ವ ಚಾಂಪಿಯನ್ ಏಕೆ ಬಂದಿಲ್ಲ?

ಕ್ಯೂ ಹಿಡಿಯುವ ಕೈಗಳಿಗೆ ನಮ್ಮಲ್ಲಿ ಬರವಿಲ್ಲ. ವಿಲ್ಸನ್ ಜೋನ್ಸ್ 1958ರಲ್ಲಿಯೇ ಬಿಲಿಯರ್ಡ್ಸ್‌ನಲ್ಲಿ ವಿಶ್ವ ಹವ್ಯಾಸಿ ಪಟ್ಟ ಗೆದ್ದವರು. ಬೆಂಗಳೂರಿನಲ್ಲಿ ಬೆಳೆದು, ಅರವಿಂದ್ ಸವೂರ್ ಅವರ ಬಳಿ ಕಲಿತ ಪಂಕಜ್ ಅಡ್ವಾಣಿ 2003ರಲ್ಲಿ 18ರ ವಯಸ್ಸಿಗೆ ವಿಶ್ವ ಸ್ನೂಕರ್ ಪಟ್ಟ ಗೆದ್ದು, ಬಿಲಿಯರ್ಡ್ಸ್ ಮತ್ತು ಸ್ನೂಕರ್ ಸೇರಿಸಿ 2024ರ ಹೊತ್ತಿಗೆ 28 ವಿಶ್ವ ಪ್ರಶಸ್ತಿಗಳನ್ನು ಗಳಿಸಿದ್ದಾರೆ.

ಕಾರಣ ಇತಿಹಾಸದಲ್ಲಿದೆ. ನಮಗೆ ಈ ಆಟಗಳು ಬಂದದ್ದು ಬ್ರಿಟಿಷರ ಕ್ಲಬ್ಬುಗಳಿಂದ. ಸ್ನೂಕರ್ ಹುಟ್ಟಿದ್ದೇ 1875ರ ಸುಮಾರಿಗೆ ಜಬಲ್‌ಪುರದ ಸೈನಿಕರ ನಡುವೆ; ಅದರ ನಿಯಮಗಳು ನೆಲೆಗೊಂಡದ್ದು ಮೈಸೂರಿನಿಂದ ಅರ್ಧ ದಿನದ ಹಾದಿಯಾದ ಊಟಿಯ ಕ್ಲಬ್ಬಿನಲ್ಲಿ. ಫಿಲಿಪ್ಪೀನ್ಸ್‌ಗೆ ಅಮೆರಿಕನ್ನರು ಬಂದರು, ಅಮೆರಿಕದ ಪೂಲ್ ಬಂತು, ಅದು ಕ್ಲಬ್ಬಿನಲ್ಲಿ ಉಳಿಯದೆ ಬೀದಿಗೆ ಇಳಿಯಿತು. ರೆಯೆಸ್ ಹುಡುಗನಾಗಿದ್ದಾಗ ಮನಿಲಾದಲ್ಲಿ ಸೋದರಮಾವನ ಪೂಲ್ ಹಾಲ್‌ನಲ್ಲಿ ಕೆಲಸಕ್ಕಿದ್ದು, ರಾತ್ರಿ ಮೇಜಿನ ಮೇಲೆಯೇ ಮಲಗುತ್ತಿದ್ದರು. ಮೇಜು ಎಟುಕದೆ ಕೋಕಾಕೋಲಾ ಪೆಟ್ಟಿಗೆಗಳ ಮೇಲೆ ನಿಂತು ಆಡುತ್ತಿದ್ದರು. ನಮ್ಮ ಊರುಗಳಲ್ಲಿ ಪೂಲ್ ಮೇಜು ಕಂಡದ್ದು ಬಹಳ ತಡವಾಗಿ, ಅದೂ ಹೆಚ್ಚಾಗಿ ಚಿಕ್ಕ ಅಳತೆಯದು, ಕಾಲಹರಣಕ್ಕೆ. 9 ಅಡಿ ಮೇಜಿನ ಮೇಲೆ, ಬಿಗಿ ಪಾಕೆಟ್‌ನಲ್ಲಿ, ದಿನಕ್ಕೆ ಆರು ಗಂಟೆ ಆಡುತ್ತಾ ಬೆಳೆಯುವ ಮಕ್ಕಳು ಇಲ್ಲಿ ಇನ್ನೂ ಬೇಕಾಗಿದ್ದಾರೆ.

ನಿಮ್ಮ ಲೆಕ್ಕದಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು?

ಎಫ್ರೆನ್ ರೆಯೆಸ್. ಪಟ್ಟಗಳ ಎಣಿಕೆಯಲ್ಲಿ ಸ್ಟ್ರಿಕ್‌ಲ್ಯಾಂಡ್ ಮುಂದಿದ್ದಾರೆ, ಅದನ್ನು ಬಲ್ಲೆ. ಆದರೆ 1999ರಲ್ಲಿ ನೈನ್ ಬಾಲ್, 2004ರಲ್ಲಿ ಎಯ್ಟ್ ಬಾಲ್ ಗೆದ್ದು, ಎರಡು ಬಗೆಯ ಪೂಲ್‌ನಲ್ಲಿ ವಿಶ್ವ ಚಾಂಪಿಯನ್ ಆದ ಮೊದಲಿಗರು ಅವರು. ಎಯ್ಟ್ ಬಾಲ್ ಗೆದ್ದಾಗ ಅವರಿಗೆ ಐವತ್ತರ ಹತ್ತಿರ.

ಪಂದ್ಯ ನೋಡುವಾಗ ಹೊಸಬರು ಏನನ್ನು ಗಮನಿಸಬೇಕು?

ಬಣ್ಣದ ಚೆಂಡು ಬಿಟ್ಟು ಬಿಳಿ ಚೆಂಡನ್ನು ನೋಡಿ. ಅದು ನಿಲ್ಲುವ ಮೊದಲೇ ಎಲ್ಲಿ ನಿಲ್ಲಬಹುದೆಂದು ಊಹಿಸಿ. ಎರಡು ರ್ಯಾಕ್ ಆದ ಮೇಲೆ ಕ್ಯಾಮೆರಾ ಕುರ್ಚಿಯತ್ತ ತಿರುಗಿದಾಗ ಕೂತವನ ಕೈಗಳನ್ನು ನೋಡಿ: ಚಾಕ್ ಉಜ್ಜುತ್ತಿದ್ದಾನೋ, ಟವೆಲ್ ಹಿಂಡುತ್ತಿದ್ದಾನೋ, ಸುಮ್ಮನಿದ್ದಾನೋ. ಆಮೇಲೆ ಅವನು ಎದ್ದು ಬಂದು ಆಡುವ ಮೊದಲ ಹೊಡೆತವನ್ನು ತಪ್ಪಿಸಿಕೊಳ್ಳಬೇಡಿ.